ಮನೆಗೆ ಯೋಗ್ಯ ಎಂದು ನಾನು ಬರೆದುಕೊಟ್ಟ ರಿವಾಲ್ವರ್

ಕುಂದಾಪುರದ ಒಂದು ಕೋವಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಮುಂದಿನ ಕೌಂಟರಿನಲ್ಲಿ ಧನಿ ಶೆಟ್ರು ಕೂತು ಲೈಸೆನ್ಸ್ ನೋಡಿ ವ್ಯಾಪಾರ ಮಾಡುತ್ತಿದ್ದರು. ಹಿಂದೆ ವೈಸ್, ಅರ, ಎಣ್ಣೆ ಡಬ್ಬಿಗಳ ನಡುವೆ ನನ್ನ ಜಾಗ. ಊರವರು ತಂದ ಕೋವಿಗಳ ರಿಪೇರಿ ಮತ್ತು ಹೊಸದಾಗಿ ಬಂದ ಮಾಲಿನ ಪರೀಕ್ಷೆ, ಎರಡೂ ನನ್ನ ಪಾಲಿನ ಕೆಲಸ. ಬ್ರಹ್ಮಾವರದ ಲೇತ್ ವರ್ಕ್‌ಶಾಪಿನಿಂದ ನೇರವಾಗಿ ಇಲ್ಲಿಗೆ ಬಂದವನು ನಾನು. ಕಬ್ಬಿಣ ಗೊತ್ತಿತ್ತು, ಕೋವಿ ಗೊತ್ತಿರಲಿಲ್ಲ.

ಈಗ ಈ ಕೆಲಸಕ್ಕೆ ಬರುವವರು ಫೋನಿನಲ್ಲಿ ವಿಡಿಯೋ ನೋಡಿ ನನಗಿಂತ ಹೆಚ್ಚು ತಿಳಿದುಕೊಂಡೇ ಬರುತ್ತಾರೆ. ಯಾವುದರ ತೂಕ ಎಷ್ಟು, ನಳಿಗೆ ಎಷ್ಟು ಇಂಚು, ಎಲ್ಲ ಬಾಯಿಪಾಠ. ಆ ವಿಡಿಯೋಗಳಲ್ಲಿ ಸಿಗದ ಕೆಲವು ಸಂಗತಿಗಳನ್ನು ಬರೆದಿಡಬೇಕು ಅನ್ನಿಸಿತು. ಹೆಚ್ಚಿನವು ನನ್ನ ತಪ್ಪುಗಳು. 

ಸೇರಿದ ಮೊದಲ ವರ್ಷವೇ ಒಂದು ಏಟು ಬಿತ್ತು. ಬೈಂದೂರಿನ ಮೇಲ್ಬದಿಯ ಹಳ್ಳಿಯಿಂದ ಒಬ್ಬ ಕೃಷಿಕ ಹಂದಿ ಓಡಿಸುವ ಕೇಪಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಹಿಡಿಕೆ ಬಿರುಕು ಬಿಟ್ಟಿತ್ತು. ಖಾಲಿಯಾ ಎಂದು ಕೇಳಿದೆ. ಎರಡು ವರ್ಷದಿಂದ ಮಾಡಿಗೆ ಸಿಕ್ಕಿಸಿಟ್ಟದ್ದು, ಖಾಲಿಯೇ, ಎಂದ. ನಾನು ನಂಬಿ ವೈಸಿಗೆ ಹಿಡಿಸಿ, ಕೇಪಿಗೆ ಬಡಿಯುವ ಕುದುರೆಯನ್ನು ಎತ್ತಿದೆ. ಬೆರಳು ಜಾರಿತು. ಕುದುರೆಯ ಅಡಿಯಲ್ಲಿ ಮದ್ದು ಹೊತ್ತಿಸುವ ಹಳೆಯ ಕೇಪು ಅಂಟಿಕೊಂಡೇ ಇತ್ತು. ಗೋಡೆಯ ಗಡಿಯಾರ ಹೋಯಿತು, ಅದರ ಹಿಂದಿನ ಗಾರೆ ಉದುರಿತು, ಕೋಣೆ ತುಂಬ ಹೊಗೆ. ಶೆಟ್ರು ಓಡಿ ಬಂದು ನನ್ನ ಎರಡೂ ಕೈ ಹಿಡಿದು ಬೆರಳು ಎಣಿಸಿದರು. ಹತ್ತೂ ಇರುವುದನ್ನು ಕಂಡಮೇಲೆ ಹೊರಗೆ ಹೋದರು. ಆ ಕೃಷಿಕ ನೆಲದ ಮೇಲೆ ಕೂತುಬಿಟ್ಟಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನ ಬಾಯಿಂದ ಬಂದದ್ದು ಒಂದೇ ಮಾತು: “ನನ್ನ್ ಹೆಂಡ್ತಿ ದಿನಾ ಅದ್ರ ಧೂಳ್ ಹೊಡಿತಿದ್ಲ್.”

ಮರುದಿನ ಶೆಟ್ರು ಹೇಳಿದರು: ಯಾರ ಮಾತೂ ನಂಬಬೇಡ, ನನ್ನದೂ ನಂಬಬೇಡ, ಕೋಣೆಗೆ ಬಂದದ್ದನ್ನು ನಿನ್ನ ಕಣ್ಣಿಂದಲೇ ನೋಡು. ಅಲ್ಲಿಂದ ಮುಂದೆ ಕೋವಿಯ ವಿಷಯದಲ್ಲಿ ನಾನು ಯಾರನ್ನೂ ನಂಬಲಿಲ್ಲ. ಮನುಷ್ಯರ ವಿಷಯದಲ್ಲಿ ಏನನ್ನು ನೋಡಬೇಕು ಎಂದು ಮಾತ್ರ ಬಹಳ ಕಾಲ ಗೊತ್ತಾಗಲಿಲ್ಲ.

ಶೆಟ್ರ ಬಗ್ಗೆ ಒಂದು ಮಾತು. ಗಿರಾಕಿ ಬಂದರೆ ಮೊದಲು ಚಾ ತರಿಸುತ್ತಿದ್ದರು. ಲೋಟ ಹಿಡಿದ ಕೈ ನೋಡುತ್ತಿದ್ದರು, ದಾಯಾದಿಯ ಸುದ್ದಿ ತೆಗೆದರೆ ಮುಖ ಹೇಗಾಗುತ್ತದೆ ನೋಡುತ್ತಿದ್ದರು. ಲೈಸೆನ್ಸ್ ಸರಿ ಇದ್ದರೂ ಮನಸ್ಸಿಗೆ ಬಾರದಿದ್ದರೆ ಮಾಲಿಲ್ಲ ಎಂದುಬಿಡುತ್ತಿದ್ದರು. ಶೋಕೇಸಿನಲ್ಲಿ ಮಾಲು ಕಾಣುತ್ತಿದ್ದರೂ ಇಲ್ಲ ಎನ್ನುವ ಧೈರ್ಯ ಅವರಿಗಿತ್ತು.

ನಾನು ನಿವೃತ್ತನಾಗುವ ಕೆಲವು ವರ್ಷ ಮುಂಚೆ ಅಂಗಡಿಗೆ ಒಂದು ಅಗ್ಗದ ಗಿಡ್ಡ ರಿವಾಲ್ವರ್ ಬಂತು. ಅಲ್ಲಿಯವರೆಗೆ ರಿವಾಲ್ವರ್ ಎಂದರೆ ದೊಡ್ಡವರ ಸಾಮಾನು. ಇದರ ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ. ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. ಬಂಗಾರದ ಕೆಲಸದವರು, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ಮನೆ ಕಟ್ಟಿದವರು, ಎಲ್ಲರೂ ಕೇಳತೊಡಗಿದರು. ಹೇಗಿದೆ, ಮನೆಯಲ್ಲಿಟ್ಟುಕೊಳ್ಳಲು ಆದೀತಾ? ಶೆಟ್ರು ಅದನ್ನು ನನ್ನ ಮೇಜಿನ ಮೇಲಿಟ್ಟು, ಒಂದು ವಾರ ಇಟ್ಟುಕೊಂಡು ನೋಡಿ ಒಂದು ಪುಟ ಬರೆದುಕೊಡು ಎಂದರು.

ನಾನು ಮನಸ್ಸಿಟ್ಟು ಮಾಡಿದೆ. ಟ್ರಿಗರ್ ಎಷ್ಟು ಬಿಗಿ ಎಂದು ಮೀನು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆ. ಗುಂಡು ತುಂಬುವ ಸಿಲಿಂಡರ್ ತಿರುಗಿ ನಿಂತಾಗ ಅಲ್ಲಾಡುತ್ತದೆಯೇ ಎಂದು ನೋಡಿದೆ. ಗಂಗೊಳ್ಳಿಯಲ್ಲಿ ಹೊಳೆಬದಿಯಲ್ಲಿರುವ ನನ್ನ ಭಾವನ ಮನೆಯ ಕಿಟಕಿಯಲ್ಲಿ, ಅದರದ್ದೇ ಒಂದು ಸ್ಕ್ರೂ ಮತ್ತು ಹಿಡಿಕೆಯ ತಗಡನ್ನು ಬಿಚ್ಚಿ ನಾಲ್ಕು ದಿನ ಇಟ್ಟೆ. ಉಪ್ಪುಗಾಳಿಗೆ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ತಿಳಿಯಬೇಕಿತ್ತು. ಹಿಡಿಯಿತು; ಎಣ್ಣೆ ಹಚ್ಚಿದ ಮೇಲೆ ನಿಂತಿತು. ನಮ್ಮ ಅಂಗಡಿಯ ಲೈಸೆನ್ಸಿನಲ್ಲಿ ಪರೀಕ್ಷೆಗೂ ಅನುಮತಿಯಿತ್ತು. ಅದಕ್ಕೆಂದೇ ಗೊತ್ತುಮಾಡಿದ್ದ ಹಳೆಯ ಕಲ್ಲುಕೋರೆಯೊಳಗೆ ಮರಳು ಚೀಲ ಪೇರಿಸಿ ಹೊಡೆದೆ. ಏಳು ಹೆಜ್ಜೆಯಿಂದ ಎಲ್ಲ ಗುಂಡೂ ಒಂದು ಬಟ್ಟಲಿನಷ್ಟು ಜಾಗದೊಳಗೆ. ಹದಿನೈದು ಹೆಜ್ಜೆಗೆ ಚದುರಿದವು; ಮನೆಯೊಳಗೆ ಅಷ್ಟು ದೂರ ಎಲ್ಲಿ ಬರುತ್ತದೆ? ಒಂದೂ ಗುಂಡು ಸಿಡಿಯದೆ ಉಳಿಯಲಿಲ್ಲ.

ಒಂದು ಪುಟ ಬರೆದುಕೊಟ್ಟೆ. ನನ್ನ ಅಕ್ಷರ ಚೆಂದ. “ಬೆಲೆಗೆ ಮೋಸವಿಲ್ಲ. ಲಾಕು, ಲಿವರು ಎಂಬ ತಾಪತ್ರಯವಿಲ್ಲ, ಎತ್ತಿ ಎಳೆದರಾಯಿತು. ಹೆಂಗಸರೂ ಸುಲಭವಾಗಿ ಬಳಸಬಹುದು. ಮನೆಗೆ ಯೋಗ್ಯ.” ಶೆಟ್ರು ಅದನ್ನು ಶೋಕೇಸಿನ ಗಾಜಿಗೆ ಒಳಗಿನಿಂದ ಅಂಟಿಸಿದರು. ಗಿರಾಕಿಗಳು ಓದುತ್ತಿದ್ದರು, ನಾನೂ ದಾರಿಯಲ್ಲಿ ಬರುವಾಗ ಹೋಗುವಾಗ ಓದಿಕೊಳ್ಳುತ್ತಿದ್ದೆ.

ಆ ಪುಟ ಓದಿ ಕೊಂಡವರಲ್ಲಿ ನಾವುಂದದ ಸದಾನಂದ ಒಬ್ಬರು. ಮೀನು ವ್ಯಾಪಾರ. ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಿಗೆ ಹೋಗಿ ಏಲಂನಲ್ಲಿ ಮೀನು ಹಿಡಿದು, ಐಸ್ ತುಂಬಿದ ವ್ಯಾನುಗಳಲ್ಲಿ ಘಟ್ಟದ ಮೇಲೆ ಕಳಿಸಿ, ಮನೆ ಸೇರುವಾಗ ಸಂಜೆ. ಹಗಲೆಲ್ಲ ಮನೆಯಲ್ಲಿ ಹೆಂಡತಿ ಸುಮತಿ ಒಬ್ಬರೇ, ಮಗಳು ಶಾಲೆಗೆ. ತ್ರಾಸಿಯಲ್ಲಿ ಹಾಡಹಗಲೇ ಒಂದು ಮನೆಗೆ ನುಗ್ಗಿ ಹೆಂಗಸನ್ನು ತಳ್ಳಿ ಸರ ಕಿತ್ತುಕೊಂಡು ಹೋದ ಮೇಲೆ ಇವರಿಗೆ ನಿದ್ದೆ ಇಲ್ಲದಾಯಿತು. ಅರ್ಜಿ, ಪೊಲೀಸ್ ವಿಚಾರಣೆ ಎಲ್ಲ ಮುಗಿದು ಲೈಸೆನ್ಸ್ ಸಿಗಲು ವರ್ಷದ ಮೇಲೆ ಹಿಡಿಯಿತು.

ತೆಗೆದುಕೊಂಡು ಹೋಗುವ ದಿನ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಶೆಟ್ರು ಕೊಟ್ಟ ಚಾ ಸುಮತಿ ಕುಡಿಯಲಿಲ್ಲ. ರಿವಾಲ್ವರಿನ ಕಡೆ ನೋಡುತ್ತಲೂ ಇರಲಿಲ್ಲ. ಲೈಸೆನ್ಸ್ ಇದ್ದದ್ದು ಸದಾನಂದರ ಹೆಸರಿಗೆ ಮಾತ್ರ. ಕಾನೂನು ಪ್ರಕಾರ ಅದನ್ನು ಆಕೆಯ ಕೈಗೆ ಕೊಡುವ ಹಾಗಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಸದಾನಂದರು, ನಾನು ಮನೆಯಲ್ಲಿ ಇರುವವನೇ ಅಲ್ಲ, ಇವಳಿಗೊಂದು ಸಲ ತೋರಿಸಿ ಎಂದರು. ಬರೆದ ಪುಟದ ಹೆಮ್ಮೆ ಬೇರೆ ತಲೆಗೇರಿತ್ತು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಖಾಲಿ ಮಾಡಿ, ಆಕೆಯ ಕೈಯಲ್ಲಿಟ್ಟೆ. ಟ್ರಿಗರ್ ಬಿಗಿ ಅನ್ನಿಸಿದರೆ ಹೆಬ್ಬೆರಳಿನಿಂದ ಕುದುರೆಯನ್ನು ಮೊದಲೇ ಹಿಂದಕ್ಕೆ ಎಳೆದುಕೊಳ್ಳಿ, ಆಮೇಲೆ ಹಗುರ, ಎಂದು ಕಲಿಸಿದೆ. ನಾಲ್ಕೈದು ಸಲ ಮಾಡಿಸಿದೆ. ಕೊನೆಯ ಸಲ ಸರಿಯಾಗಿ ಮಾಡಿದಾಗ ಶಭಾಸ್ ಎಂದೆ.

ವರ್ಷಕ್ಕೊಂದು ಸಲ ಮಳೆಗಾಲಕ್ಕೆ ಮುಂಚೆ ತಂದು ಎಣ್ಣೆ ಹಾಕಿಸಿಕೊಂಡು ಹೋಗಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಮೊದಲ ವರ್ಷ ಸದಾನಂದರು ಬರಲಿಲ್ಲ. ಎರಡನೆಯ ವರ್ಷ ಮೇ ತಿಂಗಳಲ್ಲಿ ಬಟ್ಟೆ ಚೀಲದಲ್ಲಿ ಹಾಕಿ ತಂದರು. ಕೊಂಡ ದಿನದಿಂದ ಕಪಾಟಿನಿಂದ ಹೊರಗೆ ತೆಗೆದೇ ಇಲ್ಲ, ಹೊಸದರ ಹಾಗೆ ಇದೆ, ಎಂದರು. ನಾನು ಸಿಲಿಂಡರ್ ಹೊರಗೆ ಸರಿಸಿದೆ. ಆರೂ ಗುಂಡು ಒಳಗೇ ಇದ್ದವು. ಅದೇ ಒಂದು ಬೆಚ್ಚುವ ವಿಷಯ. ಬಸ್ಸಿನಲ್ಲಿ, ಜನರ ನಡುವೆ, ತುಂಬಿದ ರಿವಾಲ್ವರ್ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಬೈಯಬೇಕು ಎಂದುಕೊಳ್ಳುತ್ತ ಗುಂಡುಗಳನ್ನು ಅಂಗೈಗೆ ಸುರಿದುಕೊಂಡೆ. ಬೈಗುಳ ಬಾಯಲ್ಲೇ ಉಳಿಯಿತು.

ಒಂದು ಗುಂಡಿನ ಹಿಂಬದಿಯಲ್ಲಿ, ನಡುವಿನ ಚಿಕ್ಕ ಬಿಲ್ಲೆಯ ಮೇಲೆ, ತಗ್ಗು ಬಿದ್ದಿತ್ತು. ಟ್ರಿಗರ್ ಎಳೆದಾಗ ಒಳಗಿನ ಮೊಳೆ ಬಂದು ಬಡಿಯುವುದು ಅಲ್ಲಿಗೆ. ಬಡಿದರೆ ಗುಂಡು ಸಿಡಿಯಬೇಕು. ಇದು ಬಡಿಸಿಕೊಂಡೂ ಸಿಡಿದಿರಲಿಲ್ಲ. ತಾನಾಗಿ ಆಗುವ ಗುರುತು ಅಲ್ಲ ಅದು. ಯಾರೋ ತುಂಬಿದ ರಿವಾಲ್ವರನ್ನು ಎತ್ತಿ, ಒಂದು ಸಲ ಟ್ರಿಗರ್ ಎಳೆದಿದ್ದರು.

ನೀವು ಎಳೆದಿರಾ ಎಂದು ಕೇಳಿದೆ. ಸದಾನಂದರು ಇಲ್ಲ ಎಂದರು. ಗುಂಡನ್ನು ದೀಪಕ್ಕೆ ಹಿಡಿದು ತೋರಿಸಿದೆ. ಬಂದರಿನಲ್ಲಿ ನೂರು ಜನರ ನಡುವೆ ಕೂಗಿ ಏಲಂ ಹಿಡಿಯುವ ಮನುಷ್ಯ, ಧ್ವನಿಯೇ ಇಲ್ಲದೆ ಕೇಳಿದರು: “ನನ್ನ್ ಮಗ್ಳಾ?”

ನನಗೂ ಅದೇ ಹೊಳೆದಿತ್ತು. ಒಂಬತ್ತನೆಯ ತರಗತಿಯ ಹುಡುಗಿ, ಮನೆಯಲ್ಲಿ ಯಾರೂ ಇಲ್ಲದಾಗ ಕಪಾಟು ತೆರೆದು, ಆಟಕ್ಕೆ ಎತ್ತಿ, ಎಲ್ಲಿಗೆ ಗುರಿ ಹಿಡಿದಳೋ. ಗೆಳತಿಯ ಕಡೆಗೋ, ತನ್ನ ಹಣೆಗೋ. ರಿವಾಲ್ವರನ್ನು ನನ್ನಲ್ಲೇ ಬಿಟ್ಟು ಸದಾನಂದರು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಸುಮತಿ ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬರೇ ಬಂದಿದ್ದರು. ಶೆಟ್ರು ಇನ್ನೂ ದೇವರಿಗೆ ಹೂ ಹಾಕುತ್ತಿದ್ದರು. ನಾನು ಆಕೆಯನ್ನು ಒಳಗೆ ಕರೆದೆ. ಮಗಳಿಗೆ ನಿನ್ನೆ ಅಪ್ಪ ಹೊಡೆದರು, ಅವಳು ಮುಟ್ಟಿಲ್ಲ ಎಂದು ಅತ್ತೂ ಅತ್ತೂ ಊಟ ಮಾಡದೆ ಮಲಗಿದಳು, ಎಂದರು. ಆಮೇಲೆ ನನ್ನನ್ನು ಒಂದು ಮಾತು ಕೇಳಿಕೊಂಡರು. ಆ ಗುರುತು ಕಾರ್ಖಾನೆಯಿಂದಲೇ ಬಂದದ್ದು ಎಂದು ಸದಾನಂದರಿಗೆ ಹೇಳಬೇಕು. ನೀವು ಹೇಳಿದರೆ ಅವರು ನಂಬುತ್ತಾರೆ. ಯಾಕೆ ಎಂದು ನಾನು ಕೇಳುವ ಅಗತ್ಯ ಬೀಳಲಿಲ್ಲ. ಆಕೆಯೇ ಹೇಳಿದರು.

“ಮಧ್ಯಾಹ್ನ ಉಂಡ್ಕಂಡ್ ಒರ್ಗಿದ್ದೆ ಬಾಬಣ್ಣ. ಹಿಂದಿನ್ ಬಾಗ್ಲ್ ಅಲ್ಲಾಡ್ತ್. ಯಾರ್ ಅಂದ್ ಕೇಂಡೆ, ಉತ್ರ ಇಲ್ಲೆ. ಮತ್ತೊಂದ್ ಸಲ ಕೇಂಡೆ, ಇಲ್ಲೆ. ಹೊರ್ಗಿಂದ ಕಡ್ಡಿ ಹಾಕಿ ಚಿಲ್ಕ ಎತ್ತುದ್ ಕಾಂತಿತ್ತ್. ನಂಗೆ ತ್ರಾಸಿದೇ ನೆನ್ಪಾಯ್ತ್. ಕಪಾಟಿಂದ ಅದ್ನ ತೆಗ್ದೆ. ನೀವ್ ಹೇಳ್ಕೊಟ್ಟಾಂಗೇ ಮಾಡ್ದೆ. ಹೆಬ್ಬೆರ್ಳಂಗ್ ಎಳ್ದ್, ಎರಡೂ ಕೈಯಂಗೆ ಹಿಡ್ಕಂಡ್, ಬಾಗ್ಲ್ ತೆರಿತಿದ್ದಾಂಗೆ ಒತ್ತಿ ಬಿಟ್ಟೆ. ಟಕ್ ಅಂತ್, ಅಷ್ಟೇ. ಬಾಗ್ಲಂಗೆ ಕಂಡ್ರೆ ಗುಲಾಬಿ ಅತ್ಗಿ. ಬಸಳಿ ಕಟ್ಟ್ ಹಿಡ್ಕಂಡ್ ನಿಂತಿದ್ರ್.”

ಗುಲಾಬಿ ಎಂದರೆ ಸದಾನಂದರ ಅಕ್ಕ. ಗಂಡ ತೀರಿಕೊಂಡ ಮೇಲೆ ಅದೇ ಅಂಗಳದ ಆಚೆಯ ಚಿಕ್ಕ ಮನೆಯಲ್ಲಿದ್ದಾರೆ. ಕಿವಿ ಮಂದ, ಕೂಗಿದರೂ ಕೇಳುವುದಿಲ್ಲ. ತಮ್ಮನನ್ನು ಎತ್ತಿ ಆಡಿಸಿದ ಮನೆ, ಆ ಚಿಲಕವನ್ನು ಹೊರಗಿನಿಂದ ಎತ್ತುವುದು ಅವರಿಗೆ ಚಿಕ್ಕಂದಿನಿಂದ ರೂಢಿ. ಬಿಸಿಲಿನಿಂದ ಕತ್ತಲೆಯ ಅಡುಗೆಮನೆಗೆ ಕಾಲಿಟ್ಟವರಿಗೆ ಎದುರಿನ ಕೈಯಲ್ಲಿ ಏನಿದೆ ಎಂದು ಕಾಣಲಿಲ್ಲ. ಸುಮತಿ ಅದನ್ನು ಸೆರಗಿನ ಅಡಿಗೆ ಹಾಕಿಕೊಂಡರು. ಎಂತ ಮಾರಾಯ್ತಿ, ಮೋರೆ ಬಿಳಿಚಿಕೊಂಡಿದೆ, ಜ್ವರವಾ ಎಂದು ಗುಲಾಬಿ ಹಣೆ ಮುಟ್ಟಿ ನೋಡಿದರಂತೆ. ಆಮೇಲೆ ಇಬ್ಬರೂ ಕೂತು ಬಸಳೆ ಬಿಡಿಸಿದರಂತೆ.

ಇದಾಗಿ ಏಳು ತಿಂಗಳಾಗಿತ್ತು. ಏಳು ತಿಂಗಳು ಆಕೆ ಯಾರಿಗೂ ಹೇಳದೆ ಅದೇ ಅತ್ತಿಗೆಯ ಜೊತೆ ದಿನವೂ ಉಂಡಿದ್ದರು.

 ‘ನೀವು ಹೇಳಿಕೊಟ್ಟ ಹಾಗೇ’ ಎಂಬ ಮಾತು ತಲೆಯೊಳಗೆ ಹೋಗಿ ಕೂತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಕೋವಿ ಪರೀಕ್ಷೆ ಮಾಡಿದ್ದೆ! ಸ್ಪ್ರಿಂಗ್ ನೋಡಿದೆ, ತುಕ್ಕು ನೋಡಿದೆ, ಏಳು ಹೆಜ್ಜೆ ಅಳೆದೆ. ಏಳು ಹೆಜ್ಜೆಯ ಆಚೆ ಬಾಗಿಲು ತೆರೆದು ಯಾರು ಬರುತ್ತಾರೆ ಎಂದು ಯಾವ ಗಿರಾಕಿಯನ್ನೂ ಒಂದು ದಿನವೂ ಕೇಳಿರಲಿಲ್ಲ.

ಕಾರ್ಖಾನೆಯ ಗುರುತು ಎಂದು ಹೇಳಿಬಿಡೋಣ ಎಂದು ನನಗೆ ನಿಜವಾಗಿ ಅನ್ನಿಸಿತು. ಒಂದು ಸುಳ್ಳಿಗೆ ಎಲ್ಲ ಮುಗಿಯುತ್ತಿತ್ತು. ಮಗಳ ಮೇಲಿನ ಅನುಮಾನ ಹೋಗುತ್ತಿತ್ತು, ಆಕೆಯ ಸಂಸಾರ ನೆಟ್ಟಗಿರುತ್ತಿತ್ತು, ನಾನು ಕಲಿಸಿಕೊಟ್ಟದ್ದೂ ಹೊರಗೆ ಬರುತ್ತಿರಲಿಲ್ಲ. ಆಗಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಪರದೆಯ ಹತ್ತಿರ ಶೆಟ್ರು ನಿಂತಿದ್ದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಬಾಬಣ್ಣ ಹಾಂಗ್ ಹೇಳುದಿಲ್ಲೆ,” ಎಂದರು ಶೆಟ್ರು. “ನೀವ್ ನಿಜ ಹೇಳ್ದೆ ಈ ಸಾಮಾನ್ ನಿಮ್ಮ್ ಮನಿಗ್ ವಾಪಸ್ ಹೋಪುದೂ ಇಲ್ಲೆ. ಗಂಡನ್ನ ಇಲ್ಲಿಗೇ ಕರ್ಸಿ. ನಾವೂ ಇರ್ತೊ.”

ಸದಾನಂದರು ಬಂದರಿನಿಂದ ನೇರವಾಗಿ ಬಂದರು. ತೋಳಿನ ಮೇಲೆ ಮೀನಿನ ಹುರುಪೆ ಇನ್ನೂ ಅಂಟಿತ್ತು. ಸುಮತಿ ನೆಲ ನೋಡುತ್ತ ಅದೇ ಮಾತುಗಳನ್ನು ಮತ್ತೊಮ್ಮೆ ಹೇಳಿದರು. ನಾನು ಕಲಿಸಿಕೊಟ್ಟದ್ದನ್ನು ಈ ಸಲ ಬಿಟ್ಟರು. ಅದನ್ನು ನಾನೇ ಸೇರಿಸಿದೆ. ಸದಾನಂದರು ಸಿಟ್ಟಾಗಲಿಲ್ಲ. ಹೆಂಡತಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಆಮೇಲೆ ನನ್ನ ಕಡೆ ತಿರುಗಿ, ಗುಂಡುಗಳೆಲ್ಲ ಗಾಳಿಗೆ ಹಾಳಾಗಿದ್ದವೇ ಎಂದು ಕೇಳಿದರು. ಎಲ್ಲವೂ ಹಾಳಾಗಿದ್ದವು ಎಂದರೆ ಅವರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅಪಾಯವೇ ಇರಲಿಲ್ಲ ಎಂದಾಗುತ್ತಿತ್ತು. ನನಗೂ ಹಾಗೇ ಇರಲಿ ಎಂಬ ಆಸೆ. ಗೊತ್ತಿಲ್ಲ, ನೋಡಬೇಕಷ್ಟೆ, ಎಂದೆ.

ಮಧ್ಯಾಹ್ನ ಶೆಟ್ರ ಕಾರಿನಲ್ಲಿ ಕೋರೆಗೆ ಹೋದೆವು. ಸುಮತಿ ಕಾರಿನಲ್ಲೇ ಉಳಿದರು. ನಾನು ಹಳೆಯ ಮರಳು ಚೀಲಗಳ ಎದುರು ಏಳು ಹೆಜ್ಜೆ ಅಳೆದು ನಿಂತು, ಗುರುತು ಬೀಳದ ಐದು ಗುಂಡುಗಳನ್ನು ತುಂಬಿದೆ. ಮೊದಲನೆಯದು ಸಿಡಿಯಿತು. ಎರಡನೆಯದು ಸಿಡಿಯಿತು. ಮೂರನೆಯದಕ್ಕೆ ಮೊದಲು ನಾನು ರಿವಾಲ್ವರನ್ನು ಕೆಳಗಿಳಿಸಿದೆ. ಶೆಟ್ರು ಭುಜದ ಮೇಲೆ ಕೈ ಇಟ್ಟರು. ಅದೂ ಸಿಡಿಯಿತು, ನಾಲ್ಕನೆಯದೂ ಸಿಡಿಯಿತು. ಐದನೆಯದರ ಸದ್ದು ಕೋರೆಯ ಗೋಡೆಗಳಿಗೆ ಬಡಿದು ತಿರುಗಿ ಬರುವಾಗ ನಾನು ಸಿಲಿಂಡರ್ ತೆರೆದು ಖಾಲಿ ತೋಟೆಗಳನ್ನು ಕೆಂಪು ಕಲ್ಲಿನ ಮೇಲೆ ಸುರಿದೆ. ಐದೂ ಚೀಲದ ನಟ್ಟನಡುವೆ, ಒಂದು ಬಟ್ಟಲಿನಷ್ಟು ಜಾಗದೊಳಗೆ ಹೊಕ್ಕಿದ್ದವು.

ಸದಾನಂದರು ಚೀಲದ ಹತ್ತಿರ ಹೋಗಿ ಆ ತೂತುಗಳ ಮೇಲೆ ಅಂಗೈ ಇಟ್ಟು ನೋಡಿದರು. ಎದೆಯ ಎತ್ತರಕ್ಕಿತ್ತು.

ಕಾರಿಗೆ ವಾಪಸು ಬಂದಾಗ ಸುಮತಿ ಕಿವಿ ಮುಚ್ಚಿಕೊಂಡಿದ್ದ ಕೈ ತೆಗೆದರು. ಮುಚ್ಚಿಕೊಂಡೂ ಎಣಿಸಿದ್ದರು. “ಐದೂ?” ಎಂದು ಕೇಳಿದರು. ಸದಾನಂದರು ತಲೆಯಾಡಿಸಿದರು. 

ಆ ರಿವಾಲ್ವರ್ ಮತ್ತೆ ನಾವುಂದಕ್ಕೆ ಹೋಗಲಿಲ್ಲ. ಸದಾನಂದರು ಲೈಸೆನ್ಸ್ ಒಪ್ಪಿಸುವ ಕಾಗದ ಬರೆದುಕೊಟ್ಟರು. ಸಂಜೆ ಮನೆಗೆ ಹೋಗಿ ಮಗಳ ಎದುರು ಕೈಮುಗಿದು ನಿಂತರಂತೆ. ಅವಳು ಎರಡು ದಿನ ಮಾತಾಡಲಿಲ್ಲವಂತೆ. ಅಕ್ಕನಿಗೆ ಮಾತ್ರ ಹೇಳುವುದು ಬೇಡ ಎಂದು ಗಂಡ ಹೆಂಡತಿ ಇಬ್ಬರೂ ಸೇರಿ ತೀರ್ಮಾನಿಸಿದರು. ಹಿಂದಿನ ಬಾಗಿಲಿಗೆ ಕಬ್ಬಿಣದ ಜಾಲರಿ ಹಾಕಿಸಿದರು, ಹೊರಗೆ ಯಾರಿದ್ದಾರೆ ಎಂದು ಒಳಗಿನಿಂದಲೇ ಕಾಣುವ ಹಾಗೆ.

ಶೋಕೇಸಿನ ಗಾಜಿನಿಂದ ನನ್ನ ಪುಟವನ್ನು ನಾನೇ ಬ್ಲೇಡಿನಿಂದ ಕೆರೆದು ತೆಗೆದೆ. ಶೆಟ್ರು ನನ್ನನ್ನು ಬೈಯಲಿಲ್ಲ. ಚಾ ಕೊಟ್ಟು ಗಂಡನ ಕೈ ನೋಡಿದೆ, ಹೆಂಡತಿ ಚಾ ಕುಡಿಯದ್ದನ್ನು ನೋಡಿಯೂ ಬಿಟ್ಟೆ, ಎಂದು ಅವರು ತಮ್ಮನ್ನೇ ಬೈದುಕೊಂಡರು. ನನ್ನನ್ನೇ ಬೈದಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ನಮ್ಮ ಕ್ರಮ ಬದಲಾಯಿತು. ಮನೆಗೆ ಎಂದು ರಿವಾಲ್ವರ್ ಕೇಳಿದವರ ಮನೆಗೆ ನಾನು ಮೊದಲು ಹೋಗಿ ಬರುತ್ತಿದ್ದೆ. ಎಲ್ಲಿ ಇಡುತ್ತೀರಿ, ಬೀಗದ ಕೈ ಯಾರಲ್ಲಿ, ಪಕ್ಕದ ಕೋಣೆಯ ಗೋಡೆ ಕಲ್ಲಿನದೋ ಹಲಗೆಯದೋ, ಅದರಾಚೆ ಯಾರು ಮಲಗುತ್ತಾರೆ. ಕೊನೆಗೆ ಒಂದು ಹಾಳೆ ಕೊಟ್ಟು, ನಿಮ್ಮ ಮನೆಗೆ ಕರೆಯದೆ, ಬಾಗಿಲು ತಟ್ಟದೆ ಬರುವವರ ಹೆಸರು ಬರೆಯಿರಿ ಎನ್ನುತ್ತಿದ್ದೆ. ಬ್ರಹ್ಮಾವರದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ನಗುತ್ತಲೇ ಬರೆಯತೊಡಗಿದರು. ಹಾಲಿನವಳು, ತೆಂಗಿನಕಾಯಿ ಕೀಳುವವನು, ತಂಗಿ, ತಂಗಿಯ ಮಕ್ಕಳು. ಹನ್ನೊಂದನೆಯ ಹೆಸರಿಗೆ ಪೆನ್ನು ನಿಂತಿತು. ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಅಂಗಳಕ್ಕೆ ಎರಡು ಲೈಟು ಹಾಕಿಸುತ್ತೇನೆ ಬಿಡಿ, ಎಂದರು. ಬೈಂದೂರಿನ ಇನ್ನೊಬ್ಬರು, ಇದೆಲ್ಲ ಕೇಳಲು ನೀವು ಯಾರು ಎಂದು ಎದ್ದು ಬೇರೆ ಊರಿನ ಅಂಗಡಿಯಲ್ಲಿ ಕೊಂಡರು. ಅವರ ಮನೆಯಲ್ಲಿ ಏನೂ ಆಗಿರಲಿಕ್ಕಿಲ್ಲ. ಆದರೂ ಪೇಪರಿನಲ್ಲಿ ಬೈಂದೂರಿನ ಹೆಸರು ಕಂಡಾಗಲೆಲ್ಲ ಪೂರ್ತಿ ಓದಿಯೇ ಮುಂದೆ ಹೋಗುತ್ತೇನೆ.

ವ್ಯಾಪಾರ ಇಳಿಯಿತು. ನನ್ನ ಕೊನೆಯ ಎರಡು ವರ್ಷಗಳಲ್ಲಿ ಅಂಥ ರಿವಾಲ್ವರ್ ನಾವು ಮಾರಿದ್ದು ಒಂದೋ ಎರಡೋ. ಹೊಸಬರು ಮಾಲಿನ ಪರೀಕ್ಷೆ ನನಗಿಂತ ಚೆನ್ನಾಗಿ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆ ಹಾಳೆಯನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹೋದ ವೈಶಾಖದಲ್ಲಿ ತೆಕ್ಕಟ್ಟೆಯ ಒಂದು ಕಲ್ಯಾಣಮಂಟಪದಲ್ಲಿ ಮದುವೆಯಿತ್ತು. ಊಟದ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಒಬ್ಬ ಹಿರಿಯ ಹೆಂಗಸು ಬಂದು ಕೂತರು. ಅವರ ಆಚೆ ಬದಿಯಲ್ಲಿ ಕೂತವರನ್ನು ನೋಡಿದಾಗ ಇವರು ಯಾರೆಂದು ನನಗೆ ಗೊತ್ತಾಯಿತು. ಸುಮತಿ ನನ್ನನ್ನು ಕಂಡು ತಲೆ ತಗ್ಗಿಸಿದರು. ಗುಲಾಬಿಯನ್ನು ನಾನು ನೋಡಿದ್ದು ಅದೇ ಮೊದಲ ಸಲ. ದಪ್ಪ ಬೆರಳುಗಳು, ಹಣೆಯಲ್ಲಿ ಹಳೆಯ ಹಚ್ಚೆಯ ಚುಕ್ಕಿ, ನಗುವ ಮುಖ. ಒಬ್ಬ ಮನುಷ್ಯ ಊಟಕ್ಕೆ ಕೂತು ಅನ್ನ ಕಲಸುವುದನ್ನು ನಾನು ಅಷ್ಟು ಕಣ್ಣಿಟ್ಟು ಎಂದೂ ನೋಡಿದವನಲ್ಲ.

ನಾನು ಯಾರು ಎಂದು ಯಾರೋ ಅವರಿಗೆ ಹೇಳಿದ್ದರು. ಕಿವಿ ಮಂದವಾದವರು ಮಾತಾಡುವ ಹಾಗೆ ದೊಡ್ಡ ಧ್ವನಿಯಲ್ಲಿ ಕೇಳಿದರು.

“ನೀವ್ ಕೋವಿ ಅಂಗ್ಡಿಯವ್ರಲ್ದಾ? ನಮ್ಮ್ ಸದಾನಂದ ಅಷ್ಟ್ ಕಷ್ಟ ಪಟ್ಟ್ ತಂದದ್ದನ್ನ ಕೊಟ್ಟ್ ಬಿಟ್ಟ. ಮನಿಯಂಗೊಂದ್ ಇದ್ರೆ ಧೈರ್ಯ ಅಂದ್ ನಾನ್ ಹೇಳ್ದೆ, ಕೇಣ್ಲಿಲ್ಲೆ. ಎಂತಕ್ ಕೊಟ್ಟ ಅಂದ್ ನಿಮ್ಗ್ ಗೊತ್ತಿತ್ತಾ?”

ಸುಮತಿಯ ಕೈ ಎಲೆಯ ಮೇಲೆ ನಿಂತಿತ್ತು.

ಅವರಿಗೆ ಕೇಳಲಿ ಎಂದು ನಾನು ಬಗ್ಗಿ, ಗಟ್ಟಿಯಾಗಿ ಹೇಳಿದೆ. “ಇಲ್ಲೆ ಅಕ್ಕ. ನಂಗೆ ಗೊತ್ತಿಲ್ಲೆ.”